ನಾವು ಎಳೆಯದ ತಂತಿ

ನಿಮ್ಮ ಮನೆಯ ಗೋಡೆಗಳೊಳಗೆ ಎಷ್ಟು ವಿದ್ಯುತ್ ತಂತಿಗಳಿವೆ, ಅವು ಎಲ್ಲಿಂದ ಹೊರಟು ಎಲ್ಲಿಗೆ ಹೋಗಿ ಸೇರುತ್ತವೆ ಎಂದು ಯಾರಾದರೂ ಕೇಳಿದರೆ ಉತ್ತರಿಸಬಲ್ಲಿರಾ? ನಮ್ಮಲ್ಲಿ ಬಹುಮಂದಿ ಉತ್ತರಿಸಲಾರೆವು. ಸ್ವಿಚ್ ಒತ್ತಿದರೆ ದೀಪ ಹತ್ತುತ್ತದೆ, ಅಷ್ಟಾದರೆ ಸಾಕು. ತಂತಿಯ ನೆನಪಾಗುವುದು ದೀಪ ಹತ್ತದಿದ್ದಾಗ ಮಾತ್ರ. ನನಗೂ ಹಾಗೆಯೇ ಆಗಿತ್ತು. ಗೋಡೆಯೊಳಗೆ ಕಳೆದುಹೋಗಿದ್ದ ಒಂದು ತಂತಿಯನ್ನು ಹುಡುಕಲು ಹೊರಟ ನಾನು, ಅದರ ಇನ್ನೊಂದು ತುದಿಯಲ್ಲಿ ಕಂಡದ್ದೇನು ಎಂಬುದನ್ನು ನಿಮ್ಮೊಡನೆ ಹಂಚಿಕೊಳ್ಳಬಯಸುತ್ತೇನೆ. ಏಕೆಂದರೆ ಅಲ್ಲಿ ನನಗೆ ಎದುರಾದದ್ದು ವಿದ್ಯುತ್ತಿನ ಪ್ರಶ್ನೆಯಲ್ಲ, ಮನಸ್ಸಾಕ್ಷಿಯ ಪ್ರಶ್ನೆ.

ನಮ್ಮ ಪೂರ್ವಿಕರ ಮನೆ ಇರುವುದು ತರೀಕೆರೆಯ ಹೊರಭಾಗದಲ್ಲಿ. ಮಂಗಳೂರು ಹೆಂಚಿನ ಹಳೆಯ ಮನೆ, ಅದರ ಹಿಂದೆ ಒಂದಿಷ್ಟು ಅಡಿಕೆ ತೋಟ. ನಾನು ಕೆಲಸದ ನಿಮಿತ್ತ ಕಡೂರಿನಲ್ಲಿ ನೆಲೆಸಿ ಅನೇಕ ವರ್ಷಗಳಾದವು. ತಾಯಿ ಮೊದಲು ತೀರಿಕೊಂಡರು, ಅನಂತರ ತಂದೆ. ಮನೆಯನ್ನು ದುರಸ್ತಿ ಮಾಡಿಸಬೇಕೆಂದು ನಾನೂ ನನ್ನ ತಮ್ಮನೂ ನಿಶ್ಚಯಿಸಿದಾಗ ಮೊದಲ ಚಿಂತೆಯಾದದ್ದು ವಯರಿಂಗ್. ಅಜ್ಜಂಪುರದ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರ ಹೆಸರನ್ನು ಪರಿಚಿತರು ಹೇಳಿದರು. ಅವರು ತಮ್ಮ ಶಿಷ್ಯನೊಬ್ಬನನ್ನು ಕರೆದುಕೊಂಡು ಬಂದರು.

ಒಂದು ಮನೆಯ ವಯರಿಂಗ್ ಎಂದರೆ ಆ ಮನೆಯ ಚರಿತ್ರೆ ಎಂಬುದು ನನಗೆ ತಿಳಿದದ್ದು ಆಗ. ನಮ್ಮ ನಾಡಿನಲ್ಲಿ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಜೋಗದ ವಿದ್ಯುದಾಗಾರ ಕಾರ್ಯಾರಂಭ ಮಾಡಿದ್ದು 1948ರಲ್ಲಿ. ನಮ್ಮಂತಹ ಸಣ್ಣ ಊರುಗಳ ಮನೆಗಳಿಗೆ ದೀಪ ಬಂದದ್ದು ಇನ್ನೂ ನಿಧಾನವಾಗಿ, ಒಂದೊಂದು ಕೋಣೆಗೆ ಒಂದೊಂದು ಕಾಲದಲ್ಲಿ. ತಾತನ ಕಾಲದ ತಂತಿಗಳು ಮರದ ಪಟ್ಟಿಯ ಮೇಲೆ ಸಣ್ಣ ಕ್ಲಿಪ್ಪುಗಳಲ್ಲಿ ಕುಳಿತು ಎಲ್ಲರ ಕಣ್ಣಿಗೂ ಕಾಣುವಂತಿದ್ದವು. ಮಗುವೂ ಬೆರಳಿಟ್ಟು, ಇದು ದೇವರ ಪಟದ ದೀಪದ್ದು, ಇದು ಅಡಿಗೆಮನೆಯದು ಎಂದು ತೋರಿಸಬಹುದಿತ್ತು. ಅನಂತರ ತಂದೆಯವರ ಕಾಲಕ್ಕೆ ಅಂದಕ್ಕಾಗಿ ತಂತಿಗಳನ್ನೆಲ್ಲ ಕೊಳವೆಯೊಳಗಿಟ್ಟು ಗಾರೆಯಿಂದ ಮುಚ್ಚಲಾಯಿತು. ಗೋಡೆ ಸುಂದರವಾಯಿತು, ಯಾವ ತಂತಿ ಯಾವುದು ಎಂಬ ತಿಳಿವಳಿಕೆ ಮಾತ್ರ ಗಾರೆಯೊಳಗೆ ಸೇರಿಹೋಯಿತು. ಅದನ್ನು ಬಲ್ಲವರು ತಂದೆಯೊಬ್ಬರೇ ಇದ್ದರು. ಅವರು ಎಲ್ಲಿಯೂ ಬರೆದಿಡಲಿಲ್ಲ.

ಹುಡುಕಾಟ

ಹಿರಿಯರು ಕೆಲಸ ಮಾಡಿದ ಕ್ರಮವನ್ನು ನೋಡುವುದೇ ಒಂದು ಪಾಠವಾಗಿತ್ತು. ಮೊದಲು ಮೇನ್ ಸ್ವಿಚ್ ಆರಿಸಿದರು. ಆರಿಸಿದ ಮೇಲೂ ನಂಬಲಿಲ್ಲ. ಟೆಸ್ಟ್ ಲ್ಯಾಂಪ್ ಹಿಡಿದು ಪ್ರತಿಯೊಂದು ತುದಿಯನ್ನೂ ಪರೀಕ್ಷಿಸಿದರು. ಜೇಬಿನ ಟೆಸ್ಟರನ್ನು ಮಾತ್ರ ನಂಬಿದವನು ಮೋಸಹೋಗುತ್ತಾನೆ ಎಂದರು. ಅನಂತರ ಬಲ್ಬು, ಫ್ಯಾನುಗಳನ್ನೆಲ್ಲ ಕಳಚಿ, ಪ್ರತಿ ತಂತಿಯ ಎರಡೂ ತುದಿಗಳನ್ನು ಬಿಡಿಸಿದರು. ಟಾರ್ಚಿನ ಬ್ಯಾಟರಿ, ಒಂದು ಸಣ್ಣ ಬಲ್ಬು, ಉದ್ದನೆಯ ಒಂದು ವಯರು, ಇವಿಷ್ಟೇ ಅವರ ಸಾಧನ. ಶಿಷ್ಯನು ಒಂದು ಕೋಣೆಯಲ್ಲಿ ಉದ್ದನೆಯ ವಯರನ್ನು ತಂತಿಯ ತುದಿಗೆ ಮುಟ್ಟಿಸುವನು. ಇತ್ತ ಹಿರಿಯರು ಬೋರ್ಡಿನ ಬಳಿ ಒಂದೊಂದೇ ತಂತಿಯನ್ನು ಬ್ಯಾಟರಿಗೆ ತಾಗಿಸುವರು. ಬಲ್ಬು ಬೆಳಗಿತೆಂದರೆ ಇದೂ ಅದೂ ಒಂದೇ ತಂತಿ. ಕೂಡಲೇ ಎರಡೂ ತುದಿಗಳಿಗೆ ಒಂದೇ ಅಂಕಿಯ ಚೀಟಿ ಕಟ್ಟಿ ಪುಸ್ತಕದಲ್ಲಿ ಬರೆದುಕೊಳ್ಳುವರು. ಬಣ್ಣವನ್ನು ನೋಡಿ ತೀರ್ಮಾನಿಸುವಂತಿರಲಿಲ್ಲ. ಕೆಂಪು ಫೇಸಿಗೆ, ಕಪ್ಪು ನ್ಯೂಟ್ರಲಿಗೆ, ಹಸಿರು ಅರ್ತಿಗೆ ಎಂಬುದು ನಿಯಮ. ನಮ್ಮ ಮನೆಯಲ್ಲಾದರೋ ಅಂದು ಅಂಗಡಿಯಲ್ಲಿ ಯಾವ ಸುರುಳಿ ದೊರಕಿತ್ತೋ ಆ ಬಣ್ಣವೇ ನಿಯಮವಾಗಿತ್ತು.

ಇಂತಹ ಹುಡುಕಾಟ ಮನೆಗಳಿಗಷ್ಟೇ ಸೀಮಿತವಲ್ಲ. ನಮ್ಮ ಊರುಗಳಿಗೆ ಸಮುದ್ರವಿಲ್ಲ; ಆದರೆ ಸಮುದ್ರದಲ್ಲಿ ಹಳೆಯ ಹಾಯಿದೋಣಿಗಳನ್ನು ಕೊಂಡವರಿಗೂ ಇದೇ ಪಾಡು. ದೋಣಿಯ ಒಳಗೋಡೆಯ ಹಲಗೆಗಳ ಹಿಂದೆ ಹಿಂದಿನ ಒಡೆಯರೆಲ್ಲ ಎಳೆದು ಬಿಟ್ಟ ತಂತಿಗಳು ಸಿಕ್ಕಾಗಿರುತ್ತವೆ. ಉಪ್ಪುಗಾಳಿಗೆ ತಾಮ್ರ ಹಸಿರುಗಟ್ಟಿರುತ್ತದೆ. ದೋಣಿಯ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ದೀಪ ಉರಿಯಬೇಕೆಂಬುದು ಕಡಲಿನ ನಿಯಮ. ಕಳೆದುಹೋದ ಒಂದು ತಂತಿಯಿಂದ ಆ ದೀಪ ಆರಿದರೆ, ಕತ್ತಲಲ್ಲಿ ಎದುರಿಂದ ಬರುವ ಹಡಗಿಗೆ ಅಲ್ಲೊಂದು ದೋಣಿ ಇದೆಯೆಂದೇ ತಿಳಿಯದು. ನಮ್ಮ ಮರೆವಿನ ಬೆಲೆಯನ್ನು ತೆರುವವರು ಯಾವಾಗಲೂ ನಾವೇ ಆಗಿರುವುದಿಲ್ಲ.

ಎರಡನೆಯ ದಿನದ ಮಧ್ಯಾಹ್ನಕ್ಕೆ ಎಲ್ಲ ತಂತಿಗಳಿಗೂ ಚೀಟಿ ಬಿತ್ತು, ಒಂದನ್ನು ಬಿಟ್ಟು. ಬೋರ್ಡಿನ ಮೂರನೆಯ ಫ್ಯೂಸಿನಿಂದ ಹೊರಟ ಒಂದು ಜೋಡಿ ತಂತಿ ಹಿತ್ತಲಿನ ಕಡೆಯ ಗೋಡೆಯೊಳಗೆ ಹೋಗಿತ್ತು; ಎಲ್ಲಿಯೂ ಹೊರಬಂದಿರಲಿಲ್ಲ. ಮೆಗ್ಗರ್ ಎಂಬ ಉಪಕರಣದಿಂದ ಅದರ ಹೊದಿಕೆಯನ್ನು ಪರೀಕ್ಷಿಸಿದರು. ಕಡೆಯಪಕ್ಷ 1 ಮೆಗಾ ಓಮ್ ತೋರಿಸಬೇಕಿದ್ದ ಮುಳ್ಳು ಸೊನ್ನೆಯ ಹತ್ತಿರವೇ ನಿಂತಿತು. ಎಂದರೆ ತಂತಿಯ ಹೊದಿಕೆ ಎಲ್ಲೋ ಹಾಳಾಗಿದೆ, ವಿದ್ಯುತ್ತು ಸೋರುತ್ತಿದೆ.

"ಯಾವುದೋ ಹಳೇ ತಂತಿ, ಕತ್ತರಿಸಿಬಿಡಿ" ಎಂದ ನನ್ನ ತಮ್ಮ.

"ಕತ್ತರಿಸೋದಕ್ಕೆ ಒಂದು ಗಳಿಗೆ ಸಾಕು ಸಾರ್. ಆದ್ರೆ ಆ ತುದೀಲಿ ಯಾರಿದ್ದಾರೆ ಅಂತ ಗೊತ್ತಿಲ್ದೆ ಕತ್ತರಿಸಬಾರದು. ಹಾಗಂತ ಈ ಸ್ಥಿತೀಲಿ ಬಿಡೋ ಹಾಗೂ ಇಲ್ಲ" ಎಂದರು ಹಿರಿಯರು. ಅನಂತರ ನನ್ನ ಕಡೆ ತಿರುಗಿ ಹೇಳಿದರು: "ಫ್ಯೂಸ್ ತೆಗೆದಿಟ್ಟಿದ್ದೀನಿ. ಸಂಜೆ ದೀಪ ಹತ್ತೋ ಹೊತ್ತಿಗೆ ಹಿತ್ತಲಲ್ಲಿ ನಿಂತು ನೋಡಿ, ಯಾರ ಮನೆ ಕತ್ತಲಾಗಿದೆ ಅಂತ."

ಸಂಜೆ ಹಿತ್ತಲಿನಲ್ಲಿ ನಿಂತೆ. ಸುತ್ತಲಿನ ಮನೆಗಳಲ್ಲಿ ಒಂದೊಂದಾಗಿ ದೀಪ ಹತ್ತಿತು. ತೋಟದ ಅಂಚಿನಲ್ಲಿರುವ ತಗಡಿನ ಸೂರಿನ ಒಂದು ಕೋಣೆಯ ಮನೆ ಮಾತ್ರ ಕತ್ತಲಲ್ಲಿಯೇ ಉಳಿಯಿತು.

ಇನ್ನೊಂದು ತುದಿ

ಆ ಮನೆಯಲ್ಲಿ ಇರುವುದು ಒಬ್ಬ ಅಜ್ಜಿ ಮತ್ತು ಅವರ ಮೊಮ್ಮಗಳು. ಅಜ್ಜಿಯ ಗಂಡ ಬಹಳ ವರ್ಷ ನಮ್ಮ ತೋಟದಲ್ಲಿ ದುಡಿದವರು. ಅಲ್ಲಿ ದೀಪ ಉರಿಯುವುದನ್ನು ನಾನು ನೋಡುತ್ತಲೇ ಬಂದಿದ್ದೆ; ಬಡವರ ಮನೆಗೆ ಸರ್ಕಾರ ಒಂದು ದೀಪ ಕೊಡುವ ಭಾಗ್ಯಜ್ಯೋತಿ ಯೋಜನೆಯದೇ ಇರಬೇಕೆಂದು ಭಾವಿಸಿದ್ದೆ. ಕೇಳಿ ತಿಳಿಯುವ ಗೋಜಿಗೆ ಹೋಗಿರಲಿಲ್ಲ. ಅಂದು ಬಾಗಿಲಿಗೆ ಹೋದಾಗ ಅಜ್ಜಿ ಮೇಣದಬತ್ತಿ ಹಚ್ಚಿಕೊಂಡು ಕುಳಿತಿದ್ದರು. ನನ್ನ ತಂದೆ ಅವರಿಗೆ ಒಂದು ದೀಪಕ್ಕೆಂದು ನಮ್ಮ ಮನೆಯಿಂದ, ನೆಲದೊಳಗೆ ಕೊಳವೆ ಹೂಳಿಸಿ, ತಂತಿ ಎಳೆಸಿಕೊಟ್ಟಿದ್ದರಂತೆ. ಹಣ ಕೇಳಿರಲಿಲ್ಲ. ಯಾರಿಗೂ ಹೇಳಿಯೂ ಇರಲಿಲ್ಲ.

ತಂದೆಯವರ ಬಗ್ಗೆ ನನ್ನ ಮನಸ್ಸು ತುಂಬಿ ಬಂತು. ಆದರೆ ಹಿರಿಯರು ಟಾರ್ಚು ಹಿಡಿದು ತಂತಿ ಮೇಲೆ ಬರುವ ಜಾಗವನ್ನು ನೋಡುತ್ತಿದ್ದರು. ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಹೊದಿಕೆ ಸವೆದು ತಾಮ್ರ ಕಾಣುತ್ತಿತ್ತು. "ತಗಡು ಮುಟ್ಟಿದ್ರೆ ಜುಮ್ ಅನ್ನುತ್ತಾ?" ಎಂದು ಅವರು ಕೇಳಿದರು. ಅಜ್ಜಿ ಸುಮ್ಮನಿದ್ದರು. ಮೊಮ್ಮಗಳು ಉತ್ತರಿಸಿದಳು: ಮಳೆ ಬಂದಾಗ ಬಾಗಿಲನ್ನು ಬರಿಗೈಯಲ್ಲಿ ಮುಟ್ಟಬಾರದು, ಒಣ ಬಟ್ಟೆ ಸುತ್ತಿಕೊಂಡು ತೆಗೆಯಬೇಕು ಎಂದು ಅಜ್ಜಿ ಕಲಿಸಿದ್ದಾರೆ ಎಂದಳು.

"ಮೊದಲೇ ಯಾಕೆ ಹೇಳಲಿಲ್ಲ?" ಎಂದೆ ನಾನು.

"ಹೇಳಿದ್ರೆ ದೀಪಾನೇ ತೆಗೆದುಬಿಡ್ತೀರೇನೋ ಅಂತ ಹೆದರಿಕೆ ಆಯ್ತು ಯಜಮಾನ್ರೇ. ಮಗು ಓದಬೇಕಲ್ಲ" ಎಂದರು ಅಜ್ಜಿ.

ಆ ಮಾತು ಕೇಳಿದಾಗ ನನಗೆ ನೆನಪಾದದ್ದು ಬೇರೊಂದು ಸಂಗತಿ. ಕೆಲವು ವರ್ಷಗಳ ಹಿಂದೆ, ತಂದೆ ಹಾಸಿಗೆ ಹಿಡಿದಿದ್ದ ಮಳೆಗಾಲದಲ್ಲಿ, ಆ ಮೂರನೆಯ ಫ್ಯೂಸ್ ಪದೇ ಪದೇ ಸುಟ್ಟುಹೋಗುತ್ತಿತ್ತು. ವಿಚಿತ್ರವೆಂದರೆ ಅದು ಹೋದಾಗ ನಮ್ಮ ಮನೆಯ ಯಾವ ದೀಪವೂ ಆರುತ್ತಿರಲಿಲ್ಲ. ಆದರೂ ತಂದೆ, "ಆ ಮೂರನೇದನ್ನ ತೆಗೀಬೇಡ, ಹಾಕು" ಎನ್ನುತ್ತಿದ್ದರು. ಏಕೆ ಎಂದು ನಾನು ಕೇಳಲಿಲ್ಲ. ಕಡೂರಿಗೆ ಹಿಂತಿರುಗುವ ಅವಸರ. ಮೂರನೆಯ ಸಲ ಸುಟ್ಟಾಗ ಬೇಸರದಿಂದ 5 ಆಂಪಿಯರಿನ ತೆಳು ತಂತಿಯ ಬದಲು ಹಳೆಯ ವಯರಿನಿಂದ ಬಿಡಿಸಿದ ನಾಲ್ಕೈದು ಎಳೆಗಳನ್ನು ಹೊಸೆದು ಹಾಕಿದೆ. ಅಲ್ಲಿಂದ ಮುಂದೆ ಅದು ಸುಡಲೇ ಇಲ್ಲ. ಸಮಸ್ಯೆ ಬಗೆಹರಿಯಿತೆಂದು ನೆಮ್ಮದಿಪಟ್ಟೆ.

ಓದುಗರೇ, ನಾನು ಬಗೆಹರಿಸಿದ್ದು ಸಮಸ್ಯೆಯನ್ನಲ್ಲ, ಎಚ್ಚರಿಕೆಯನ್ನು. ಫ್ಯೂಸ್ ಸುಡುವುದು ದೋಷವಲ್ಲ. ದೋಷ ಬೇರೆಲ್ಲೋ ಇದೆ ಎಂದು ಹೇಳುವುದೇ ಅದರ ಕೆಲಸ. ನಾನು ಅದರ ಬಾಯಿ ಮುಚ್ಚಿಸಿದ್ದೆ. ಆ ಮಗು ಬಟ್ಟೆ ಸುತ್ತಿಕೊಂಡು ಬಾಗಿಲು ತೆರೆದ ಅಷ್ಟೂ ಮಳೆಗಾಲಗಳಲ್ಲಿ ನಾನು ಕಡೂರಿನಲ್ಲಿ ನಿಶ್ಚಿಂತೆಯಿಂದ ನಿದ್ರಿಸಿದ್ದೆ.

ಹೊಣೆ ಯಾರದು?

ಈಗ ಪ್ರಶ್ನೆಗೆ ಬರೋಣ. ನಾವು ಎಳೆಯದ ತಂತಿಗೆ ನಾವು ಹೊಣೆಯೇ? ತಂತಿ ಎಳೆಸಿದವರು ನನ್ನ ತಂದೆ. ಎಳೆದವರು ಯಾರೋ ಕೆಲಸಗಾರರು. ಸವೆಸಿದ್ದು ಗಾಳಿ, ಮಳೆ. ನನಗೆ ಅದರ ಇರವೇ ತಿಳಿದಿರಲಿಲ್ಲ. ಹೀಗಿರುವಾಗ ನನ್ನ ತಪ್ಪೇನು ಎಂದು ಯಾರಾದರೂ ಕೇಳಬಹುದು. ನನ್ನ ತಮ್ಮ ಅದನ್ನೇ ಕೇಳಿದ.

ಇಲ್ಲಿ ನಾವು ಎರಡು ಮಾತುಗಳನ್ನು ಬೆರೆಸುತ್ತಿದ್ದೇವೆ. ತಪ್ಪು ಬೇರೆ, ಹೊಣೆ ಬೇರೆ. ತಪ್ಪು ಹಿಂದಕ್ಕೆ ನೋಡಿ, ಮಾಡಿದವರು ಯಾರು ಎಂದು ಕೇಳುತ್ತದೆ. ಹೊಣೆ ಮುಂದಕ್ಕೆ ನೋಡಿ, ಈಗ ಸರಿಪಡಿಸಬಲ್ಲವರು ಯಾರು ಎಂದು ಕೇಳುತ್ತದೆ. ಮನೆಯನ್ನು, ತೋಟವನ್ನು, ಹೆಸರನ್ನು ನಾವು ಪಿತ್ರಾರ್ಜಿತವಾಗಿ ಪಡೆಯುತ್ತೇವೆ. ಅದನ್ನು ನಮ್ಮದೆನ್ನಲು ಸಂಕೋಚಪಡುವುದಿಲ್ಲ. ಹಾಗಿದ್ದ ಮೇಲೆ ಆ ಮನೆಯಿಂದ ಹೊರಟ ತಂತಿಗಳನ್ನು ಮಾತ್ರ ನಮ್ಮದಲ್ಲ ಎನ್ನುವುದು ಹೇಗೆ? ಆಸ್ತಿಯನ್ನು ತಂದೆಯಿಂದ ಪಡೆದು ಬಾಧ್ಯತೆಯನ್ನು ತಂದೆಯೊಡನೆ ಮಣ್ಣು ಮಾಡುವುದು ನ್ಯಾಯವಲ್ಲ.

ಇನ್ನೊಂದು ಮಾತು. ನನಗೆ ತಿಳಿದಿರಲಿಲ್ಲ ಎಂಬುದು ನಿಜ. ಆದರೆ ತಿಳಿಯದಿರುವುದರಲ್ಲಿಯೂ ಎರಡು ಬಗೆ. ತಿಳಿಯಲು ದಾರಿಯೇ ಇಲ್ಲದೆ ತಿಳಿಯದಿರುವುದು ಒಂದು. ಬಾಗಿಲು ತಟ್ಟಿದ ಸದ್ದು ಕೇಳಿಯೂ ಎದ್ದು ಹೋಗದೆ ತಿಳಿಯದಿರುವುದು ಇನ್ನೊಂದು. ಆ ಫ್ಯೂಸ್ ಮೂರು ಸಲ ತಟ್ಟಿತ್ತು. ತಂದೆಯೂ ಹೇಳಿದ್ದರು. ನನ್ನದು ಎರಡನೆಯ ಬಗೆಯ ಅಜ್ಞಾನ. ನಮ್ಮ ಕುಟುಂಬಗಳಲ್ಲಿ ಇಂತಹ ದಪ್ಪ ತಂತಿಗಳನ್ನು ನಾವು ಎಷ್ಟು ಕಡೆ ಹಾಕಿಲ್ಲ? ಮನೆಯಲ್ಲಿ ಒಬ್ಬರು ಪದೇ ಪದೇ ಸಿಡುಕಿದರೆ ಅವರನ್ನು ಸುಮ್ಮನಾಗಿಸುತ್ತೇವೆ. ಸಿಡುಕಿನ ಹಿಂದೆ ಎಲ್ಲಿ ಸೋರುತ್ತಿದೆ ಎಂದು ನೋಡುವುದಿಲ್ಲ. ಮನೆ ಶಾಂತವಾಯಿತೆಂದು ತಿಳಿಯುತ್ತೇವೆ.

ಹಿರಿಯರು ಹೇಳಿದ ಒಂದು ಮಾತು ನನ್ನನ್ನು ಬಹಳ ದಿನ ಕಾಡಿತು. ಫ್ಯೂಸ್ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ ಎಂದರು ಅವರು. 5 ಆಂಪಿಯರ್ ಎಂದರೆ 5,000 ಮಿಲಿ ಆಂಪಿಯರ್; ಮನುಷ್ಯನ ಪ್ರಾಣ ತೆಗೆಯಲು ಅದರ ಅತ್ಯಲ್ಪ ಭಾಗ ಸಾಕು. ಅದಕ್ಕಾಗಿಯೇ ಈಗ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಎಂಬ ರಕ್ಷಕ ಸ್ವಿಚ್ಚನ್ನು ಅಳವಡಿಸುತ್ತಾರೆ. ಅದು ಹೋದ ವಿದ್ಯುತ್ತನ್ನೂ ಹಿಂತಿರುಗಿದ ವಿದ್ಯುತ್ತನ್ನೂ ಪ್ರತಿಕ್ಷಣ ಹೋಲಿಸುತ್ತದೆ. ವ್ಯತ್ಯಾಸ ಕಂಡರೆ, ಎಲ್ಲೋ ಸೋರುತ್ತಿದೆ, ಬಹುಶಃ ಯಾರದೋ ದೇಹದ ಮೂಲಕ, ಎಂದು ಅರಿತು ಕ್ಷಣಾರ್ಧದಲ್ಲಿ ಕಡಿದುಹಾಕುತ್ತದೆ. ನಮ್ಮ ಮನೆಯ ವ್ಯವಸ್ಥೆಗಳಲ್ಲಿ ಹೆಚ್ಚಿನವು ಫ್ಯೂಸಿನಂತಹವು. ಅವು ನಮ್ಮ ಆಸ್ತಿಯನ್ನೂ ಮಾನವನ್ನೂ ಕಾಯುತ್ತವೆ. ಇನ್ನೊಂದು ತುದಿಯ ಮನುಷ್ಯನನ್ನು ಕಾಯುವುದಿಲ್ಲ.

ದಾನವೂ ಹಕ್ಕೂ

ತಂದೆಯವರ ಉಪಕಾರವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ಉಪಕಾರವೂ ತಂತಿಯಂತೆಯೇ. ಒಮ್ಮೆ ಎಳೆದು ಮರೆತರೆ ಅದೇ ಅಪಾಯವಾಗುತ್ತದೆ. ಪಡೆದವರು ದೂರು ಹೇಳಲಾರರು. ದೂರಿದರೆ ಕಳೆದುಕೊಂಡೇವೆಂಬ ಭಯ ಅವರಿಗೆ. ಆ ಮೌನವನ್ನು ನಾವು ತೃಪ್ತಿಯೆಂದು ತಿಳಿಯುತ್ತೇವೆ. ಇದರಲ್ಲಿ ಇನ್ನೂ ಒಂದು ಸಂಗತಿಯಿತ್ತು. ನಮ್ಮ ಮೀಟರಿನಿಂದ ಬೇರೆ ಮನೆಗೆ ವಿದ್ಯುತ್ ಕೊಡುವುದು 2003ರ ವಿದ್ಯುಚ್ಛಕ್ತಿ ಕಾಯಿದೆಯ ಪ್ರಕಾರ ಅನಧಿಕೃತ. ಅಲ್ಲದೆ, ತನ್ನ ಹೆಸರಿನಲ್ಲಿ ಮೀಟರೇ ಇಲ್ಲದ್ದರಿಂದ ಅಜ್ಜಿಗೆ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಪ್ರಯೋಜನವೂ ದೊರೆತಿರಲಿಲ್ಲ. ನಾವು ಕೊಟ್ಟ ದಾನ, ಅವರಿಗೆ ಸಲ್ಲಬೇಕಾದ ಹಕ್ಕಿಗೆ ಅಡ್ಡವಾಗಿ ನಿಂತಿತ್ತು.

ಸ್ವಂತ ಮೀಟರ್ ಹಾಕಿಸಬೇಕಾದರೆ ಜಾಗದ ಒಡೆಯರಾದ ನಮ್ಮ ಒಪ್ಪಿಗೆ ಪತ್ರ ಬೇಕಾಗಿತ್ತು. ಆಗ ನಿಜವಾದ ಪರೀಕ್ಷೆ ಬಂತು. "ಮೀಟರ್ ಕೊಟ್ಟರೆ ನಾಳೆ ಜಾಗವೂ ಹೋಯಿತು ಅಂತ ತಿಳಿದುಕೋ" ಎಂದ ತಮ್ಮ. ಅವನದು ಕೆಟ್ಟ ಮನಸ್ಸಲ್ಲ. ನಮ್ಮ ಸೀಮೆಯಲ್ಲಿ ಭೂಮಿ ಇರುವ ಯಾರಿಗಾದರೂ ಬರುವ ಭಯ. ನನಗೂ ಆ ಭಯ ಇರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ತಂತಿ ಕತ್ತರಿಸಿದರೆ ಕಾನೂನಿಗೂ ಸರಿ, ಸುರಕ್ಷತೆಗೂ ಸರಿ, ಆಸ್ತಿಗೂ ಸರಿ. ಒಂದು ಮಗುವಿನ ಓದು ಮಾತ್ರ ಕತ್ತಲಾಗುತ್ತಿತ್ತು. ಎಲ್ಲ ಲೆಕ್ಕವೂ ಸರಿಹೊಂದಿ ಒಂದು ಮಗು ಮಾತ್ರ ಲೆಕ್ಕದ ಹೊರಗೆ ಉಳಿದರೆ, ಆ ಲೆಕ್ಕವೇ ತಪ್ಪಿದೆ ಎಂದು ನನಗನಿಸಿತು.

ಈ ಸೀಮೆಯ ಕೆರೆಗಳ ಕೆಳಗೆ ಬದುಕಿದ ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಕಡೂರು ತಾಲ್ಲೂಕಿನ ಅಯ್ಯನಕೆರೆಯನ್ನಾಗಲಿ ಮದಗದ ಕೆರೆಯನ್ನಾಗಲಿ ನೋಡಿದವರು ಬಲ್ಲರು. ತೂಬಿನಿಂದ ಹೊರಟ ನೀರು ಕಾಲುವೆ, ಕವಲುಗಳಲ್ಲಿ ಹರಿದು ಎಷ್ಟೋ ಗದ್ದೆಗಳನ್ನು ಸೇರುತ್ತದೆ. ಹಿಂದೆ ಊರಿನ ಕೆರೆಗೆ ಒಬ್ಬ ನೀರುಗಂಟಿ ಇರುತ್ತಿದ್ದ. ಯಾವ ಕವಲು ಯಾರ ಗದ್ದೆಗೆ, ಕಟ್ಟಕಡೆಯ ಗದ್ದೆ ಯಾರದು ಎಂಬುದು ಅವನಿಗೆ ಕಂಠಪಾಠ. ಕೆಳಗಿನ ಗದ್ದೆಯನ್ನು ನೆನೆಯದೆ ಮೇಲೆ ಮಣ್ಣು ಕಟ್ಟುವವನನ್ನು ಊರು ಒಪ್ಪುತ್ತಿರಲಿಲ್ಲ. ಕಾಣದ ಕೊನೆಯ ಗದ್ದೆಯನ್ನು ನೆನಪಿನಲ್ಲಿಡುವುದೇ ಅವನ ಧರ್ಮವಾಗಿತ್ತು.

ಆ ರಾತ್ರಿಯೇ ಹಿರಿಯರು ಹಳೆಯ ತಂತಿಯನ್ನು ಎರಡೂ ತುದಿಗಳಲ್ಲಿ ಕಳಚಿದರು. ಮರುದಿನ ನಾನು ಮಗುವಿನ ಓದಿಗಾಗಿ ಚಾರ್ಜ್ ಮಾಡುವ ದೀಪವೊಂದನ್ನು ತಂದುಕೊಟ್ಟೆ; ಸಂಪರ್ಕ ದೊರೆಯುವವರೆಗೆ ಪ್ರತಿದಿನ ನಮ್ಮ ಮನೆಯಲ್ಲಿ ಅದನ್ನು ಚಾರ್ಜ್ ಮಾಡಿ ಕೊಡಲಾಯಿತು. ಒಪ್ಪಿಗೆ ಪತ್ರಕ್ಕೆ ನಾನು ಸಹಿ ಹಾಕಿದೆ. ತಮ್ಮ ಒಂದು ವಾರ ಮಾತು ಬಿಟ್ಟ. ಅನಂತರ ಬಂದು ಅವನೂ ಸಹಿ ಹಾಕಿದ. ಅವನ ಭಯ ಪೂರ್ತಿ ಹೋಗಿದೆಯೆಂದು ಹೇಳಲಾರೆ. ಭಯ ಹೋದ ಮೇಲೆ ಒಳಿತು ಮಾಡೋಣವೆಂದು ಕಾದರೆ ಯಾವ ಒಳಿತೂ ಆಗುವುದಿಲ್ಲವೇನೋ. ಈಗ ಅಜ್ಜಿಯ ಮನೆಗೆ ಅವರದೇ ಮೀಟರ್ ಇದೆ, ಸರಿಯಾದ ಅರ್ತಿಂಗ್ ಇದೆ, ರಕ್ಷಕ ಸ್ವಿಚ್ಚೂ ಇದೆ. ಮಗು ಮಾತ್ರ ಇನ್ನೂ ಕೆಲವೊಮ್ಮೆ ಮಳೆಯಲ್ಲಿ ಬಾಗಿಲಿನ ಮುಂದೆ ಒಂದು ಗಳಿಗೆ ನಿಲ್ಲುತ್ತಾಳಂತೆ. ತಂತಿ ಬದಲಾಯಿಸಿದಷ್ಟು ಬೇಗ ಭಯ ಬದಲಾಗುವುದಿಲ್ಲ.

ಹೊರಡುವಾಗ ಹಿರಿಯರು ತಮ್ಮ ಪುಸ್ತಕದಿಂದ ಒಂದು ಹಾಳೆಯನ್ನು ನಕಲು ಮಾಡಿ, ಬೋರ್ಡಿನ ಬಾಗಿಲಿನ ಒಳಬದಿಗೆ ಅಂಟಿಸಿದರು. ಯಾವ ತಂತಿ ಎಲ್ಲಿಗೆ ಹೋಗುತ್ತದೆ ಎಂದು ಅಂಕಿಗಳ ಸಹಿತ ಅಲ್ಲಿ ಬರೆದಿದೆ. "ನಿಮಗಲ್ಲ ಸಾರ್, ನಿಮ್ಮ ಮಕ್ಕಳಿಗೆ" ಎಂದರು.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿಯೂ ಕಾರಣ ತಿಳಿಯದ ಒಂದು ತಂತಿ ಇದ್ದೀತು. ತಂದೆ ತಾಯಿಯರು ಯಾರಿಗೋ ಕೊಟ್ಟ ಮಾತು, ತೀರಿಸದ ಋಣ, ನಿಂತುಹೋದ ಹೋಕುಬರಕು. ಅವಸರದಲ್ಲಿ ಕತ್ತರಿಸಬೇಡಿ, ಹೆದರಿ ಹಾಗೆಯೇ ಬಿಡಲೂ ಬೇಡಿ. ಹಿರಿಯರು ಬದುಕಿರುವಾಗಲೇ ಅವರ ಬಳಿ ಕುಳಿತು ಕೇಳಿ, ಕೇಳಿದ್ದನ್ನು ಬರೆದಿಡಿ. ಕೇಳಲು ಯಾರೂ ಉಳಿದಿಲ್ಲವಾದರೆ ಒಂದು ಸಂಜೆ ಹಿತ್ತಲಿಗೆ ಹೋಗಿ ನಿಂತು, ಸುತ್ತ ಯಾರ ಮನೆ ಕತ್ತಲಾಗಿದೆ ಎಂದು ನೋಡಿ.